ಅರ್ಜಿಯ ಆರನೇ ಕಲಂ

ಬೇರೆಯವರ ಅಳಲನ್ನು ಮಲಯಾಳಕ್ಕೆ ಹೊಲಿದು ಕೊಡುವುದು
ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆಪಾಡು.
ಕಾಸರಗೋಡು ತಾಲೂಕು ಕಚೇರಿಯೆದುರು, ಜೆರಾಕ್ಸ್ ಅಂಗಡಿಯ ಜಗಲಿ,
ಒಂದು ಮೇಜು, ಎರಡು ಲಿಪಿ.
ಇವತ್ತು ಮೊದಲ ಸಲ
ಅರ್ಜಿದಾರಳೂ ನಾನೇ.

ಹೆಸರು, ಮನೆ ನಂಬರು, ವಾರ್ಡು: ಸಲೀಸು.
ಬೆಳೆ: ಹರಿವೆ, ಅಲಸಂಡೆ, ಬದನೆ, ಸಿಹಿಗುಂಬಳ ಒಂದು ಬಳ್ಳಿ.
ಜಮೀನು: ಅಣಂಗೂರಿನ ತಾರಸಿ,
ಕೃಷಿಭವನ ಕೊಟ್ಟ ಇಪ್ಪತ್ತೈದು ಚೀಲ.
ಆರನೇ ಕಲಂ: ಕೀಟದ ಹೆಸರು.

ಪೆನ್ನು ಅಲ್ಲೇ ನಿಂತಿದೆ.

ಏಳು ಭಾಷೆಯ ಊರಿದು ಅಂತ
ಮೈಕು ಸಿಕ್ಕವರೆಲ್ಲ ಹೇಳುತ್ತಾರೆ.
ಸರಿ, ಕೇಳಿಕೊಂಡು ಬಂದೆ.
ಪಿಜಿನ್ ಅಂದ ಬಾಬು ಬೆಳ್ಚಡ.
ಮೂಯಿ, ಅಂದರು ಔಷಧಿ ಅಂಗಡಿಯ ವಾಮನ ಪ್ರಭು.
ಉರುಂಬು, ಇನ್ನೇನು, ಎಂದಳು ಖೈರುನ್ನೀಸ.
ಎರುಗಲ್ಲದೋ? ಶಂಕರಿಯಕ್ಕ ಕನ್ನಡಕ ಏರಿಸಿದರು.

ಯಾವುದೂ ಇದರ ಹೆಸರಲ್ಲ.
ಇದು ಕಚ್ಚುವುದಿಲ್ಲ. ಸಾಲು ಹಿಡಿಯುವುದಿಲ್ಲ.
ಬೆಲ್ಲದ ನೀರಿನ ಬಣ್ಣ, ಮೈಗಿಂತ ಉದ್ದ ಕಾಲು,
ಕೊನೇ ಬಸ್ಸು ತಪ್ಪಿದವರ ಹಾಗೆ ಅತ್ತಿತ್ತ ಓಟ.
ಕೈ ಹತ್ತಿದರೆ ಹುಳಿ ಏನೋ ಚಿಮ್ಮುತ್ತದೆ,
ಅಷ್ಟೇ.

ಹೈವೇ ಅಗಲವಾಗುವ ಮೊದಲು
ಮೂಲೆಯ ಮಾವಿನಲ್ಲಿ ಚಗಳಿಗಳಿದ್ದವು.
ಎಲೆ ಹೊಲಿದು ಮನೆ ಕಟ್ಟಿ, ಮುಟ್ಟಿದರೆ ಬೆಂಕಿ.
ಬೈದುಕೊಂಡೇ ಒಟ್ಟಿಗೆ ಬಾಳಿದೆವು.
ಮಾವು ಲಾರಿ ಹತ್ತಿತು,
ಜಗಳಕ್ಕೂ ಯಾರೂ ಉಳಿಯಲಿಲ್ಲ.
ಇವು ಬಂದದ್ದು ಚೀಲದ ತೆಂಗಿನ ನಾರಿನೊಳಗೆ,
ಸಬ್ಸಿಡಿಯ ಜೊತೆ.

"ಹುಚ್ಚಿರುವೆ ಅಂತಾರೆ ಚೇಚಿ," ಎಂದಳು
ಕೃಷಿಭವನದ ಷೀಬ, ಫೋನಿನಲ್ಲಿ.
ಹುಚ್ಚೇ?
ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ನೋಡಿದವಳು ನಾನು:
ಅಲಸಂಡೆಯ ಕುಡಿಯಲ್ಲಿ ಕರಿಹೇನಿನ ಮಂದೆ,
ಬದನೆ ಎಲೆಯಡಿ ಬಿಳಿ ಹಿಟ್ಟಿನ ತಿಗಣೆ,
ಕೊಟ್ಟಿಗೆ ಕೊಟ್ಟಿಗೆಗೂ ಆಳುಗಳು;
ಮೀಸೆಯಿಂದ ಬೆನ್ನು ತಟ್ಟಿ ತಟ್ಟಿ
ಸಿಹಿ ಕರೆದುಕೊಂಡು,
ಕುಡಿ ಬಾಡಿದರೆ ಕಂದುಗಳನ್ನು ಬಾಯಲ್ಲೆತ್ತಿ
ಪಕ್ಕದ ಚೀಲಕ್ಕೆ.
ನನಗಿಂತ ಅಚ್ಚುಕಟ್ಟು.
ಈ ತಾರಸಿಯ ಕೃಷಿಕ ಯಾರು ಎಂದು ಕೇಳಿದ್ದರೆ
ಸಹಿ ಅವೇ ಹಾಕಬೇಕಿತ್ತು.

ಜೇನು ಬರುವುದು ನಿಂತಿತು.
ಬೆಳಿಗ್ಗೆ ಆರಕ್ಕೆ, ಮೊಹರಿನ ಧೂಳೊರೆಸುವ ಕುಂಚದಲ್ಲಿ
ಕುಂಬಳದ ಗಂಡು ಹೂವಿಂದ ಹೆಣ್ಣು ಹೂವಿಗೆ
ನಾನೇ ದಲ್ಲಾಳಿ, ಮದುವೆಯಾಗದವಳು.
ಖೈರುನ್ನೀಸ ಬಿದ್ದು ಬಿದ್ದು ನಕ್ಕಳು.
ಮರುವಾರ ಅವಳ ಕೋಳಿಗೂಡಿನಲ್ಲಿ
ಮೂರು ಮರಿ ಕಣ್ಣು ಮಂಜಾಗಿ
ತಂತಿಗೆ ತಲೆ ಹಾಯುತ್ತಿದ್ದವು.
ಇಬ್ಬರೂ ನಗಲಿಲ್ಲ.

ಸ್ಟ್ಯಾಂಡಿನ ಕಾಲುಗಳಿಗೆ ಗೆರಟೆ ಇಟ್ಟೆ, ನೀರು ತುಂಬಿ.
ಒಂದು ವಾರ ಗೆದ್ದೆ.
ಎಂಟನೇ ದಿನ ಆಶಾ ಕಾರ್ಯಕರ್ತೆ ರಮಣಿ ಪುಸ್ತಕ ಹಿಡಿದು ಬಂದು
ಗೆರಟೆ ಗೆರಟೆಯಲ್ಲಿ ಕುಣಿಯುವ ಸೊಳ್ಳೆಮರಿ ತೋರಿಸಿ
"ಡೆಂಗ್ಯೂ ಬಂದರೆ ಯಾರು ಮಾರಾಯ್ತಿ?" ಎಂದು
ಒಂದೊಂದಾಗಿ ಕವುಚಿ ಹಾಕಿದಳು.
ಅವಳು ಮೆಟ್ಟಿಲಿಳಿಯುವ ಮೊದಲೇ
ಗೋಡೆಯ ಬಿರುಕಿನಿಂದ
ಮೊದಲ ಮೀಸೆ.

ಆರನೇ ಕಲಂ ಇನ್ನೂ ಖಾಲಿ.
ಹೆಸರು ಗೊತ್ತಿಲ್ಲ ಎಂದು ಬರೆದರೆ ಗುಮಾಸ್ತ ಹಿಂದಕ್ಕೆಸೆಯುತ್ತಾನೆ.
ಎಷ್ಟು ಮಂದಿಗೆ ನಾನೇ ಹೇಳಿಲ್ಲ,
ಹೆಸರಿಲ್ಲದ ಸಂಕಟಕ್ಕೆ ಫೈಲಿಲ್ಲ ಅಂತ,
ಇದೇ ಮೇಜಿನ ಈಚೆ ಕೂತು.

ಕೊನೆಗೆ 'ಹಳದಿ ಇರುವೆ' ಎಂದು ಕನ್ನಡದಲ್ಲಿ ಬರೆದೆ,
ಕೆಳಗೆ ಮಲಯಾಳ.
ಸೀರೆಯ ನೆರಿಗೆಯಿಂದಲೋ ಏನೋ, ಬಿದ್ದ ಒಂದು
ಎರಡು ಸಾಲಿನ ನಡುವೆ ಓಡಿತು,
ಅಡ್ಡ, ಉದ್ದ, ಮತ್ತೆ ಅಡ್ಡ,
ಯಾವ ಅಕ್ಷರಕ್ಕೂ ತಾಗದೆ.

ಒರೆಸಲಿಲ್ಲ. ಶಾಯಿ ಹಸಿ.
ಮಡಚಿ ಲಕೋಟೆಗೆ ಹಾಕುವಾಗ ಹುಡುಕಿದೆ, ಕಾಣಲಿಲ್ಲ.
ವಿಳಾಸ: ಕೃಷಿಭವನ.
ಗೋಂದು ಸ್ವಲ್ಪ
ಹೆಚ್ಚೇ ಹಚ್ಚಿದೆ.